ಜಿಮ್ಮಿ ಈಟ್ ವರ್ಲ್ಡ್: ಒಂದು ವಾದ್ಯವೃಂದದ ಚಾರಿತ್ರಿಕ ಅವಲೋಕನ

ಅಮೆರಿಕದ ವಾಷಿಂಗ್ಟನ್ ನಗರದ ಪಂಕ್ ರಾಕ್ ತಂಡಗಳಲ್ಲಿ ಕೆಲವು 1980ರ ದಶಕದ ಮಧ್ಯಭಾಗದಲ್ಲಿ ಅಂತರಂಗದ ತಳಮಳವನ್ನು ಹಾಡತೊಡಗಿದವು. ‘ಇಮೋ’ ಎಂದು ಹೆಸರಾದ ಈ ಧಾರೆಯನ್ನು ಜನಸಾಮಾನ್ಯರವರೆಗೆ ಕೊಂಡೊಯ್ದ ತಂಡಗಳಲ್ಲಿ ಜಿಮ್ಮಿ ಈಟ್ ವರ್ಲ್ಡ್ ಪ್ರಮುಖವಾದುದು. ಅರಿಜೋನಾ ರಾಜ್ಯದ ಮೇಸಾ ಪಟ್ಟಣದಲ್ಲಿ 1993ರಲ್ಲಿ ಇದು ರೂಪುಗೊಂಡಿತು.

ಕ್ಯಾಪಿಟಲ್ ಸಂಸ್ಥೆಯು ಈ ತಂಡದ ‘ಸ್ಟ್ಯಾಟಿಕ್ ಪ್ರಿವೇಲ್ಸ್’ (1996) ಮತ್ತು ‘ಕ್ಲಾರಿಟಿ’ (1999) ಆಲ್ಬಂಗಳನ್ನು ಹೊರತಂದಿತು. ಮಾರಾಟ ನಿರೀಕ್ಷೆಯ ಮಟ್ಟ ಮುಟ್ಟಲಿಲ್ಲ, ಒಪ್ಪಂದ ಕೊನೆಗೊಂಡಿತು. ಚರಿತ್ರಕಾರನ ಗಮನಕ್ಕೆ ಅರ್ಹವಾದುದು ಈ ನಿರಾಶ್ರಯದ ಅವಧಿಯೇ. ಮುಂದಿನ ಧ್ವನಿಮುದ್ರಣದ ವೆಚ್ಚವನ್ನು ಸದಸ್ಯರೇ ಭರಿಸಿದರು. ನಿರ್ಮಾಪಕ ಮಾರ್ಕ್ ಟ್ರಾಂಬಿನೊ ಸಂಭಾವನೆಗಾಗಿ ಕಾಯಲು ಒಪ್ಪಿದರು. ಹೀಗೆ ಸಿದ್ಧವಾದ ‘ಬ್ಲೀಡ್ ಅಮೆರಿಕನ್’ 2001ರ ಜುಲೈನಲ್ಲಿ ಡ್ರೀಮ್‌ವರ್ಕ್ಸ್ ಮೂಲಕ ಬಿಡುಗಡೆಯಾಯಿತು. ಸೆಪ್ಟೆಂಬರ್ 11ರ ದಾಳಿಯ ತರುವಾಯ ಶೀರ್ಷಿಕೆ ಅಪಾರ್ಥಕ್ಕೆ ಎಡೆಗೊಡಬಾರದೆಂದು ಅದನ್ನು ಕೈಬಿಟ್ಟು ತಂಡದ ಹೆಸರನ್ನೇ ಆಲ್ಬಮ್ಮಿಗೆ ಇಡಲಾಯಿತು. 2008ರ ಮರುಮುದ್ರಣದಲ್ಲಿ ಮೂಲ ಶೀರ್ಷಿಕೆ ಮರಳಿತು. ಅದರ ‘ದಿ ಮಿಡಲ್’ ಗೀತೆ 2002ರಲ್ಲಿ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯ 5ನೆಯ ಸ್ಥಾನಕ್ಕೇರಿತು.

1995ರಲ್ಲಿ ರಿಕ್ ಬರ್ಚ್ ಸೇರಿದ ಬಳಿಕ ಜಿಮ್ ಆಡ್ಕಿನ್ಸ್, ಟಾಮ್ ಲಿಂಟನ್, ಝಾಕ್ ಲಿಂಡ್ ಅವರನ್ನೊಳಗೊಂಡ ಈ ನಾಲ್ವರ ಕೂಟ ಒಡೆಯಲಿಲ್ಲ. ಅವರ ಹತ್ತನೆಯ ಆಲ್ಬಂ ‘ಸರ್ವೈವಿಂಗ್’ 2019ರಲ್ಲಿ ಪ್ರಕಟವಾಯಿತು. ಮಾರುಕಟ್ಟೆ ಒಮ್ಮೆ ಕಡೆಗಣಿಸಿದ್ದ ‘ಕ್ಲಾರಿಟಿ’ಯನ್ನು 2009ರಲ್ಲಿ, ಅದರ ದಶಮಾನೋತ್ಸವದ ಪ್ರವಾಸದಲ್ಲಿ, ತಂಡವು ಆದ್ಯಂತವಾಗಿ ನುಡಿಸಿತು. ಮೊದಲ ವರ್ಷಗಳ ಮಾರಾಟದ ಲೆಕ್ಕವನ್ನೇ ಕೃತಿಯೊಂದರ ಅಂತಿಮ ಮೌಲ್ಯವೆಂದು ಭಾವಿಸುವುದು ಎಷ್ಟು ಅಪೂರ್ಣವೆಂಬುದಕ್ಕೆ ಇದು ನಿದರ್ಶನ.