ಕಿಲ್ಲಾರಿ ಭೂಕಂಪ ಮತ್ತು ನನ್ನ ದಪ್ಪು

1993ನೇ ಇಸವಿ ಸಪ್ಟೆಂಬರ್ 30, ಗುರುವಾರ. ಬೆಳಗಿನ ಜಾವ 4 ಗಂಟೆ ಆಗಲಿಕ್ಕೆ ನಾಲ್ಕು ನಿಮಿಷ ಕಮ್ಮಿ. ಗಣಪತಿ ಕಳಿಸಿ ಬಂದ ಮಂದಿ ದಣದು ಮಲಗಿದ್ದರು. ಆವಾಗ ಲಾತೂರ ಜಿಲ್ಲೆಯ ಕಿಲ್ಲಾರಿ ಸುತ್ತ ಭೂಮಿ ನಡುಗಿತು. ಇಲ್ಲಿ ನಮ್ಮ ಅಕ್ಕಲಕೋಟ ತಾಲೂಕಿನೊಳಗೂ ಗಡಗಡ ಅಂದು ನಾವು ಅಂಗಳಕ್ಕ ಓಡಿ ಬಂದೆವು. ಆ ಭಾಗದೊಳಗ ಸುಮಾರು 10,000 ಮಂದಿ ಸತ್ತರು. ಅಲ್ಲಿ ಮನಿ ಅಂದರ ಕಲ್ಲು-ಮಣ್ಣಿನ ದಪ್ಪ ಗ್ವಾಡಿ, ಮ್ಯಾಲೆ ತೊಲಿ-ಜಂತಿ, ಅದರ ಮ್ಯಾಲೆ ಭಾರವಾದ ಮಣ್ಣಿನ ಮಾಳಿಗಿ. ಬ್ಯಾಸಗಿಗೆ ತಂಪು ಕೊಡೋ ಮಾಳಿಗಿನೇ ಅವತ್ತು ಮೈಮ್ಯಾಲೆ ಬಿತ್ತು. 1992ರೊಳಗೂ ಕಿಲ್ಲಾರಿಯಲ್ಲಿ ಭೂಮಿ ಅಲುಗಿತ್ತು.

ಇಷ್ಟು ನಮ್ಮ ಶಾಲಿ ಗುರುಗಳಿಗೂ ಗೊತ್ತಿದ್ದ ಮಾತು. ನಾ ಹೇಳೂದು ಆಮೇಲಿನದು.

ನಮ್ಮ ಅಕ್ಕನನ್ನು ಉಮರ್ಗಾ ತಾಲೂಕಿಗೆ ಕೊಟ್ಟಿತ್ತು. ಆಕಿನ್ನ ಮಣ್ಣಿನೊಳಗಿಂದ ಎಳದು ತೆಗೆದರು, ಮಗಳು ಉಳೀಲಿಲ್ಲ. ಎರಡು ವರ್ಷದ ಮ್ಯಾಲೆ ಅಕ್ಕ ನಮ್ಮೂರಿಗೆ ಬಂದಾಗ ನಮ್ಮ ಗೀಗೀ ಮೇಳ ಇತ್ತು. ಭೂಕಂಪದ ಮ್ಯಾಲೆ ನಾನೇ ಒಂದು ಪದ ಕಟ್ಟಿದ್ದೆ. ಅತ್ತರ ಎದಿ ಹಗುರಾಗತೈತಿ ಅಂತ ನನ್ನ ಲೆಕ್ಕ. ಭೂಮಿ ನಡುಗೋ ಕಡೆ ಬಂದು ದಪ್ಪು ಜೋರಾಗಿ ಬಾರಿಸಿದೆ. ಅಕ್ಕ ಬಾಜೂಕ ಕುಂತವರ ಕೂಸನ್ನ ಎತಗೊಂಡು ಹೊರಗ ಓಡಿಬಿಟ್ಟಳು.

"ಆ ಹೊತ್ತಿಗೆ ನಾ ನಿಮ್ಮ ಊರಾಗ ಇರಲಿಲ್ಲೋ ತಮ್ಮಾ. ತೊಲಿ ಕೆಳಗ ಇದ್ದೆ" ಅಂದಳು.

ಲಾರಿ ಹೋದರ, ಗಿರಣಿ ಸುರುವಾದರ, ತಗಡಿನ ಶೆಡ್ಡಿನ ಮ್ಯಾಲೆ ಗಾಳಿ ಬಡದರ ಹಂಗೇ ಆಗೂದು. ಹೆಚ್ಚಿಂದು ಹಸಿಮಣ್ಣಿನ ವಾಸನಿ. ಭೂಕಂಪ ಆದ ಮ್ಯಾಲೆ ಜೋರು ಮಳಿ ಬಿದ್ದಿತ್ತು, ಆ ಕೆಸರಿನೊಳಗೇ ಹೆಣ ತೆಗೆದರು. ಒಕ್ಕಲಿಗನಾದ ನನಗೆ ಮೊದಲ ಮಳಿ ವಾಸನಿ ಅಂದರ ಜೀವ, ಆಕಿಗೆ ಅದೇ ಭಯ. ಗಾಳಿ ಸೋಕೈತಿ ಅಂತ ತಾಯತ ಕಟ್ಟಿಸಿದರು. ಕಟ್ಟಲಿ, ನಾ ಅದಕ್ಕ ಬ್ಯಾಡ ಅನ್ನಲಿಲ್ಲ. ಆಮ್ಯಾಲೆ ಸೊಲ್ಲಾಪುರದ ಒಬ್ಬ ಡಾಕ್ಟರು, ಇದು ಹುಚ್ಚಲ್ಲ, ಹಿಂದಿಂದು ಈಗ ಆಗಾಕತ್ತೈತಿ ಅಂತ ಮೈ ತಿಳಕೊಳ್ಳತೈತಿ ಅಂದರು. ಅಂಥ ಹೊತ್ತಿನೊಳಗ ಹಿಡಿದು ಜಗ್ಗಬ್ಯಾಡ್ರಿ, ದೂರಿಂದ ಹೆಸರು ಹಿಡದು ಕರೀರಿ ಅಂದರು. ಅಕ್ಕ ಅಂಗೈ ನೆಲಕ್ಕ ಹಚ್ಚಿ, ಇವತ್ತು ಯಾವ ವಾರ, ಇದು ಯಾರ ಮನಿ ಅಂತ ಬಾಯಿಬಿಟ್ಟು ಹೇಳಿಕೊಳ್ಳಾಕ ಕಲತಳು. ಉಸಿರು ಸಾವಕಾಶ ಬಿಡತಿದ್ದಳು. ಬರೂದು ನಿಲ್ಲಲಿಲ್ಲ. ಮೊದಲು ಅರ್ಧ ದಿನ ಕಾಡತಿದ್ದದ್ದು ಬರಬರತಾ ಒಂದು ಚಾ ಕಾಯಿಸೋ ಹೊತ್ತಿಗೆ ಬಂತು.

52 ಊರು ಬ್ಯಾರೆ ಜಾಗಾಕ್ಕ ಹೋದವು, ಸಿಮೆಂಟಿನ ಮನಿ ಆದವು. ಹೊಸ ಮನಿ ಬಂದರೂ ಅಕ್ಕ ಬಾಗಲ ಬಾಜೂಕೇ ಮಲಗತಿದ್ದಳು, ಚಪ್ಪಲಿ ಕಾಲ ಹಂತ್ಯಾಕ ಇಟಗೊಂಡು.

ನಾನು ಆ ಪದ ಬಿಟ್ಟಿಲ್ಲ. ಹಾಡೂ ಮುಂಚೆ, ಇದು ಭೂಕಂಪದ ಪದ, ಬ್ಯಾಡಾದವರು ಎದ್ದು ಹೋಗರಿ ಅಂತ ಹೇಳತೀನಿ. ನಡುಗೋ ಕಡೆ ಬಂದಾಗ ದಪ್ಪು ಕೆಳಗಿಟ್ಟು ಬರೇ ತುಂತುಣಿ ಮ್ಯಾಲೆ ಹಾಡತೀನಿ. ಹೋದ ವರ್ಷ ಅಕ್ಕ ತಾನೇ, ಹಾಡೋ, ಕೇಳತೀನಿ ಅಂದಳು. ಕಡೀತನಕ ಕುಂತಳು. ಚಪ್ಪಲಿ ಮಾತ್ರ ಕಾಲಾಗೇ ಇದ್ದವು.