ಧರ್ಮಾಧಿಕರಣದಲ್ಲಿ ಲೇಖ್ಯಶೋಧನ

1. ವಿಷಯನಿರ್ದೇಶ

ಪ್ರಾಚೀನ ಭಾರತದ ವ್ಯವಹಾರದರ್ಶನವನ್ನು ವಿಚಾರಿಸುವಾಗ ಸಾಕ್ಷಿ, ಭುಕ್ತಿ, ದಿವ್ಯ, ದಂಡ ಎಂಬ ವಿಷಯಗಳ ಕಡೆಗೆ ಮನಸ್ಸು ಮೊದಲು ಹರಿಯುವುದು ಸಹಜ. ವಾದಿಯ ಬಾಯಿಂದ ಹೊರಟ ಮಾತು ಪತ್ರಕ್ಕೆ ಏರುವ ತನಕ ಅಧಿಕರಣದಲ್ಲಿ ನಡೆಯುತ್ತಿದ್ದ ಕಾರ್ಯವು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಆದರೆ ಸಭ್ಯರು ನಿರ್ಣಯವನ್ನು ಕೊಡುತ್ತಿದ್ದುದು ಬರೆದುದನ್ನು ಆಧರಿಸಿ. ಸತ್ಯವಾದ ವಿಷಯವೇ ಆದರೂ ವಾದದಲ್ಲಿ ಉಪನ್ಯಸ್ತವಾಗದಿದ್ದರೆ ವ್ಯವಹಾರದಲ್ಲಿ ಸೋತುಹೋಗುವುದೆಂದು ಯಾಜ್ಞವಲ್ಕ್ಯನು ವ್ಯವಹಾರಾಧ್ಯಾಯದಲ್ಲಿ ಸ್ಪಷ್ಟವಾಗಿ ವಿಧಿಸಿರುವನು. ಅಂದ ಮೇಲೆ ಹೊಲದ ಎಲ್ಲೆಯೊಂದು ತಪ್ಪಾಗಿ ಬರೆಯಲ್ಪಟ್ಟರೆ ಹೊಲವೇ ಹೋಗಬಹುದು. ಒಬ್ಬನ ಹೆಸರಿನ ಸ್ಥಾನದಲ್ಲಿ ಇನ್ನೊಬ್ಬನ ಹೆಸರು ಬಿದ್ದರೆ ನಿರಪರಾಧಿಯು ದಂಡಕ್ಕೆ ಗುರಿಯಾಗಬಹುದು. ಈ ಬರೆಹವನ್ನು ಯಾರು ಪರೀಕ್ಷಿಸುತ್ತಿದ್ದರು, ಯಾರ ಸಮಕ್ಷಮದಲ್ಲಿ ತಿದ್ದುತ್ತಿದ್ದರು, ಯಾವ ಅವಧಿಯ ವರೆಗೆ ತಿದ್ದಬಹುದಾಗಿತ್ತು ಎಂಬುದೇ ಪ್ರಕೃತ ವಿಚಾರ.

2. ನಿವೇಶ ಮತ್ತು ಅವೇಕ್ಷಣ

ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿದ್ದ ಹಸ್ತಪ್ರತಿಯನ್ನು ಆಧರಿಸಿ ಆರ್. ಶಾಮಶಾಸ್ತ್ರಿಗಳು 1909ನೆಯ ಇಸವಿಯಲ್ಲಿ ಪ್ರಕಟಿಸಿದ ಕೌಟಿಲೀಯ ಅರ್ಥಶಾಸ್ತ್ರದಲ್ಲಿ ಈ ವಿಷಯಕ್ಕೆ ಬಹು ಉಪಯುಕ್ತವಾದ ಸಾಮಗ್ರಿಯು ದೊರೆಯುತ್ತದೆ. ಧರ್ಮಸ್ಥೀಯವೆಂಬ ಮೂರನೆಯ ಅಧಿಕರಣದ ಆದಿಯಲ್ಲಿಯೇ ವಿವಾದವನ್ನು ಬರೆದುಕೊಳ್ಳುವ ಕ್ರಮವು ಹೇಳಲ್ಪಟ್ಟಿದೆ. ಸಂವತ್ಸರ, ಋತು, ಮಾಸ, ಪಕ್ಷ, ದಿವಸಗಳನ್ನೂ, ವಿಚಾರಣೆಯ ಸ್ಥಾನವನ್ನೂ, ಋಣವನ್ನೂ, ಉಭಯ ಪಕ್ಷದವರ ದೇಶ, ಗ್ರಾಮ, ಜಾತಿ, ಗೋತ್ರ, ನಾಮ, ಕರ್ಮಗಳನ್ನೂ ಮೊದಲು ಬರೆದುಕೊಳ್ಳಬೇಕು. ತರುವಾಯ ವಾದಿಪ್ರತಿವಾದಿಗಳ ಪ್ರಶ್ನೆಗಳನ್ನು ಅರ್ಥದ ಆನುಪೂರ್ವಿಯಂತೆ ನಿವೇಶಗೊಳಿಸಬೇಕು. ಇಷ್ಟಕ್ಕೇ ನಿಲ್ಲದೆ, ಹಾಗೆ ನಿವೇಶಗೊಂಡವುಗಳನ್ನು ಪುನಃ ಅವೇಕ್ಷಿಸಬೇಕೆಂದು ಕೌಟಿಲ್ಯನು ಸೇರಿಸಿರುವನು. ಬರೆಯುವುದು ಒಂದು ಕಾರ್ಯ, ಬರೆದುದನ್ನು ನೋಡುವುದು ಬೇರೊಂದು ಕಾರ್ಯ ಎಂಬ ವಿಭಾಗವು ಇಲ್ಲಿ ಸ್ಫುಟವಾಗಿದೆ.

ನಾಲ್ಕನೆಯ ಅಧಿಕರಣದಲ್ಲಿ ಧರ್ಮಸ್ಥರ ಅಪರಾಧಗಳನ್ನು ಹೇಳಿದ ಕೂಡಲೇ ಲೇಖಕನ ಅಪರಾಧಗಳು ಎಣಿಸಲ್ಪಟ್ಟಿವೆ. ಹೇಳಿದುದನ್ನು ಬರೆಯದಿರುವುದು, ಹೇಳದುದನ್ನು ಬರೆಯುವುದು, ದುರುಕ್ತದ ಉಪಲೇಖನ, ಚೆನ್ನಾಗಿ ಹೇಳಿದುದನ್ನು ಕೆಡಿಸುವುದು, ಅರ್ಥವನ್ನು ವಿಕಲ್ಪಗೊಳಿಸುವುದು ಎಂದು ಅವು ಐದು. ಇವುಗಳಲ್ಲಿ ಮೂರನೆಯದು ವಿಚಾರಾರ್ಹವಾದುದು. ಉಪಲೇಖನವೆಂದರೆ ಬಿಟ್ಟುಬಿಡುವುದೆಂದು ಕೆಲವರೂ, ಸರಿಪಡಿಸಿ ಬರೆಯುವುದೆಂದು ಕೆಲವರೂ ಅರ್ಥಮಾಡುವರು. ಎರಡರಲ್ಲಿಯೂ ತಾತ್ಪರ್ಯವು ಒಂದೇ. ವಾದಿಯು ತೊದಲಿದರೆ ಆ ತೊದಲನ್ನು ಮರೆಮಾಡುವ ಅಧಿಕಾರವು ಲೇಖಕನಿಗಿಲ್ಲ. ದಯೆಯಿಂದಲೇ ಆಗಲಿ, ಭಾಷಾಸೌಷ್ಠವದ ಮೋಹದಿಂದಲೇ ಆಗಲಿ, ಅವನು ಪರರ ಮಾತನ್ನು ಚೆಂದಗೊಳಿಸಿದರೆ 48 ಪಣಗಳಿಂದ 96 ಪಣಗಳ ವರೆಗಿನ ಪ್ರಥಮ ಸಾಹಸದಂಡಕ್ಕೆ ಪಾತ್ರನಾಗುವನು. ಕಾತ್ಯಾಯನನಾದರೋ ಇನ್ನೂ ಕಠಿಣನು. ಅರ್ಥಿಪ್ರತ್ಯರ್ಥಿಗಳು ಒಂದನ್ನು ಹೇಳಿರಲು ಮತ್ತೊಂದನ್ನು ಬರೆದವನನ್ನು ಕಳ್ಳನಂತೆ ದಂಡಿಸಬೇಕೆಂಬುದು ಅವನ ಮತ.

ಇಂತಹ ಹೊಣೆಗೆ ಯೋಗ್ಯರಾದವರು ಎಂಥವರು? ಬೃಹಸ್ಪತಿಯು ಧರ್ಮಸಭೆಯ ಹತ್ತು ಅಂಗಗಳಲ್ಲಿ ಗಣಕ ಮತ್ತು ಲೇಖಕರನ್ನು ಸೇರಿಸಿರುವನು. ಅವರು ಶಬ್ದಗಳ ಮತ್ತು ಅಭಿಧಾನಗಳ ತತ್ತ್ವವನ್ನು ತಿಳಿದವರೂ, ಗಣನೆಯಲ್ಲಿ ಕುಶಲರೂ, ನಾನಾ ಲಿಪಿಗಳನ್ನು ಬಲ್ಲವರೂ, ಶುಚಿಗಳೂ ಆಗಿರಬೇಕು. ವಿದ್ಯೆಯ ಜತೆಗೆ ಶುಚಿತ್ವವನ್ನು ಹೇಳಿರುವುದು ಸಾಭಿಪ್ರಾಯವಾದುದು. ತಪ್ಪು ಅಜ್ಞಾನದಿಂದಲೂ ಬರುವುದು, ಲೋಭದಿಂದಲೂ ಬರುವುದು. ಪತ್ರದ ಮೇಲೆ ಎರಡರ ರೂಪವೂ ಒಂದೇ.

3. ಪಾಂಡುಲೇಖ

ಬರೆಹವು ಒಮ್ಮೆಗೇ ಪತ್ರಕ್ಕೆ ಏರುತ್ತಿರಲಿಲ್ಲ. ವಾದಿಯು ಸ್ವಭಾವವಾಗಿ ಹೇಳಿದ ಪೂರ್ವಪಕ್ಷವನ್ನು ಪ್ರಾಡ್ವಿವಾಕನು ಮೊದಲು ಹಲಗೆಯ ಮೇಲೆ ಪಾಂಡುಲೇಖದಿಂದ, ಎಂದರೆ ಸುಣ್ಣದ ಕಡ್ಡಿಯಂತಹ ಸಾಧನದಿಂದ, ಬರೆಯಿಸಿ, ಶೋಧಿಸಿದ ಮೇಲೆ ಪತ್ರದಲ್ಲಿ ಬರೆಯಿಸಬೇಕೆಂದು ಕಾತ್ಯಾಯನನು ವಿಧಿಸಿರುವನು. ನೆಲದ ಮೇಲಾದರೂ ಬರೆಯಬಹುದೆಂದೂ, ಕಡಿಮೆಯಾದುದನ್ನು ತುಂಬಿ ಹೆಚ್ಚಾದುದನ್ನು ತೆಗೆದು ಬಳಿಕ ಪತ್ರಕ್ಕೆ ತರಬೇಕೆಂದೂ ವ್ಯಾಸಸ್ಮೃತಿಯ ಅಭಿಪ್ರಾಯ. ಕಾತ್ಯಾಯನಸ್ಮೃತಿಯ ಮೂಲಗ್ರಂಥವು ಈಗ ಉಪಲಬ್ಧವಿಲ್ಲ. ನಿಬಂಧಕಾರರು ಉದ್ಧರಿಸಿದ ವಚನಗಳನ್ನು ಕೂಡಿಸಿ ಪಿ. ವಿ. ಕಾಣೆಯವರು 1933ರಲ್ಲಿ ಅದರ ವ್ಯವಹಾರಭಾಗವನ್ನು ಪ್ರಕಟಿಸಿದರು.

ಯಾವುದು ಊನ, ಯಾವುದು ಅಧಿಕ ಎಂಬುದನ್ನು ಗೊತ್ತುಮಾಡುವ ಅಳತೆಗೋಲು ಕನ್ನಡನಾಡಿನಲ್ಲಿಯೇ ರಚಿತವಾದ ಗ್ರಂಥದಲ್ಲಿ ವಿಶದವಾಗಿ ದೊರೆಯುತ್ತದೆ. ಕ್ರಿ. ಶ. 1076ರಿಂದ 1126ರ ವರೆಗೆ ಆಳಿದ ಚಾಳುಕ್ಯಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರೆಯೇ ಆ ಗ್ರಂಥ. ದಾಯಭಾಗದ ವಿಷಯದಲ್ಲಿ ಅದಕ್ಕಿರುವ ಪ್ರಸಿದ್ಧಿಯು ಲೇಖ್ಯದ ವಿಷಯದಲ್ಲಿಯೂ ಇರಬೇಕಾಗಿತ್ತು. ಸ್ಥಾವರವಿವಾದದಲ್ಲಿ ದೇಶ, ಸ್ಥಾನ, ಸನ್ನಿವೇಶ, ಜಾತಿ, ಸಂಜ್ಞೆ, ಅಧಿವಾಸ, ಪ್ರಮಾಣ, ಕ್ಷೇತ್ರನಾಮ, ಪಿತೃಪಿತಾಮಹರ ಹೆಸರು, ಹಿಂದಿನ ರಾಜರ ಹೆಸರು ಎಂಬ ಹತ್ತು ಅಂಶಗಳು ಬರೆಹದಲ್ಲಿರಬೇಕು. ಇವುಗಳಲ್ಲಿ ಯಾವುದು ವಿವಾದಕ್ಕೆ ಉಪಯುಕ್ತವೋ ಅದು ಇಲ್ಲದಿದ್ದರೆ ಬರೆಹವು ಊನವಾಯಿತು.

ಇನ್ನು ಪಕ್ಷದಂತೆ ತೋರಿದರೂ ಪಕ್ಷವಾಗದವುಗಳು ಆರು: ಅಪ್ರಸಿದ್ಧ, ನಿರಾಬಾಧ, ನಿರರ್ಥ, ನಿಷ್ಪ್ರಯೋಜನ, ಅಸಾಧ್ಯ, ವಿರುದ್ಧ. ಇವುಗಳಿಗೆ ವಿಜ್ಞಾನೇಶ್ವರನು ಕೊಡುವ ಉದಾಹರಣೆಗಳು ಅಧಿಕರಣದ ನಿತ್ಯಾನುಭವವನ್ನು ಬಲ್ಲವನ ಮಂದಹಾಸವನ್ನು ತೋರುತ್ತವೆ. ತನ್ನ ಮೊಲದ ಕೊಂಬನ್ನು ಒಯ್ದವನು ಹಿಂದಿರುಗಿಸಲಿಲ್ಲವೆಂದು ಒಬ್ಬನ ದೂರು, ಇದು ಅಪ್ರಸಿದ್ಧ. ತನ್ನ ಮನೆಯ ದೀಪದ ಬೆಳಕಿನಲ್ಲಿ ನೆರೆಯವನು ತನ್ನ ಮನೆಗೆಲಸವನ್ನು ಮಾಡಿಕೊಳ್ಳುತ್ತಾನೆಂದು ಇನ್ನೊಬ್ಬನದು. ಇದರಿಂದ ಯಾರಿಗೂ ಬಾಧೆಯಿಲ್ಲ. ಅರ್ಥವಿಲ್ಲದ ಅಕ್ಷರಗಳ ಸಾಲು ನಿರರ್ಥ. ನೆರೆಮನೆಯಲ್ಲಿ ಯಾರೋ ಇಂಪಾಗಿ ಅಧ್ಯಯನಮಾಡುವನೆಂಬುದು ನಿಷ್ಪ್ರಯೋಜನ. ಹುಬ್ಬನ್ನು ಕೊಂಕಿಸಿ ನಕ್ಕನೆಂಬುದು ಸಾಧಿಸಲಾಗದುದು. ಮೂಗನು ತನ್ನನ್ನು ಬೈದನೆಂಬುದು ತನ್ನಲ್ಲಿಯೇ ವಿರುದ್ಧವಾದುದು. ಇಂತಹವುಗಳನ್ನು ಪಾಂಡುಲೇಖದ ಹಂತದಲ್ಲಿಯೇ ತಡೆದರೆ ಸಭ್ಯರ ಕಾಲವೂ ಎದುರಾಳಿಯ ಮಾನವೂ ಉಳಿಯುವುವು.

4. ಶೋಧನದ ಅವಧಿ

ಶೋಧನಕ್ಕೆ ಒಂದು ಎಲ್ಲೆಯುಂಟು. ಉತ್ತರವು ಕಾಣಿಸಿಕೊಳ್ಳುವ ವರೆಗೆ ಪೂರ್ವವಾದವನ್ನು ಶೋಧಿಸಬಹುದೆಂದೂ, ಪ್ರತ್ಯರ್ಥಿಯು ಉತ್ತರವನ್ನು ಕೊಟ್ಟ ಕ್ಷಣದಲ್ಲಿ ಶೋಧನವು ನಿಂತುಹೋಗುವುದೆಂದೂ ನಾರದನು ಹೇಳಿರುವನು. ಆವೇದನೆಯ ಕಾಲದಲ್ಲಿ ಬರೆದುದು ಕಾರ್ಯಮಾತ್ರ. ಪ್ರತ್ಯರ್ಥಿಯು ಬಂದ ಮೇಲೆ ಅವನ ಎದುರಿನಲ್ಲಿ ವರ್ಷ, ಮಾಸ, ನಾಮಾದಿಗಳಿಂದ ಕೂಡಿದುದಾಗಿ ಅದನ್ನೇ ಬರೆಯಬೇಕೆಂದು ಮಿತಾಕ್ಷರೆಯು ವಿವರಿಸುತ್ತದೆ. ಗುಟ್ಟಾಗಿ ತಿದ್ದುವುದಕ್ಕೆ ಇಲ್ಲಿ ಅವಕಾಶವಿಲ್ಲ.

ಈ ಸಂದರ್ಭದಲ್ಲಿ ಒಂದು ಶಂಕೆಯು ಹುಟ್ಟಬಹುದು. ತಪ್ಪು ಕಣ್ಣೆದುರಿಗೆ ಇರುವಾಗ, ಉತ್ತರವಾಯಿತೆಂಬ ಮಾತ್ರದಿಂದ ಅದನ್ನು ತಿದ್ದದೆ ಬಿಡುವುದು ನ್ಯಾಯವೇ? ಛಲವನ್ನು ತಳ್ಳಿ ಭೂತಾರ್ಥದಂತೆ ವ್ಯವಹಾರವನ್ನು ನಡೆಯಿಸಬೇಕೆಂದು ಯಾಜ್ಞವಲ್ಕ್ಯನೇ ಹೇಳಿರುವನಲ್ಲವೇ? ಇದಕ್ಕೆ ಸಮಾಧಾನವು ಹೀಗೆ. ಪ್ರತ್ಯರ್ಥಿಯು ಉತ್ತರವಿತ್ತುದು ಆ ಬರೆಹಕ್ಕೆ. ಅನಂತರ ಬರೆಹವು ಬದಲಾದರೆ ಅವನ ಉತ್ತರವು ಕೇಳದ ಪ್ರಶ್ನೆಗೆ ಕೊಟ್ಟ ಉತ್ತರವಾಗುವುದು. ಅದುವರೆಗೆ ವಾದಿಯೊಬ್ಬನದಾಗಿದ್ದ ಬರೆಹವು ಉತ್ತರದ ತರುವಾಯ ಇಬ್ಬರದೂ ಆಗುತ್ತದೆ. ಹಾಗೆಂದು ತಪ್ಪನ್ನು ಹಾಗೆಯೇ ಬಿಡಬೇಕೆಂದು ಶಾಸ್ತ್ರದ ಅಭಿಪ್ರಾಯವಿಲ್ಲ. ಪೂರ್ವಪಕ್ಷವನ್ನು ಶೋಧಿಸದೆಯೇ ಸಭ್ಯರು ಉತ್ತರವನ್ನು ಕೊಡಿಸಿದ್ದರೆ, ರಾಗಲೋಭಾದಿಗಳಿಂದ ತಪ್ಪಿದ ಸಭ್ಯರಿಗೆ ಹೇಳಿದ ದಂಡವನ್ನು, ಎಂದರೆ ವಿವಾದದ್ರವ್ಯದ ಎರಡರಷ್ಟನ್ನು, ಅವರಿಗೆ ವಿಧಿಸಿ, ರಾಜನು ಪ್ರತಿಜ್ಞೆಯಿಂದ ಮೊದಲ್ಗೊಂಡು ವ್ಯವಹಾರವನ್ನು ಪುನಃ ನಡೆಯಿಸಬೇಕೆಂದು ವಿಜ್ಞಾನೇಶ್ವರನು ನಿರ್ಣಯಿಸಿರುವನು. ತೇಪೆಹಾಕಿದ ಬರೆಹಕ್ಕಿಂತ ಮೊದಲಿನಿಂದ ಬರೆದ ಬರೆಹವು ಮೇಲು. ತಡವಾದುದರ ಬೆಲೆಯನ್ನು ತೆರಬೇಕಾದವರು ನೋಡಬೇಕಾಗಿದ್ದೂ ನೋಡದವರು.

5. ಶೋಧನವೂ ಮಾರ್ಜನವೂ

ಇಷ್ಟು ಬಿಗಿಯು ಏಕೆ ಬೇಕಾಯಿತೆಂಬುದಕ್ಕೆ ಶೂದ್ರಕನ ಮೃಚ್ಛಕಟಿಕದ ಒಂಬತ್ತನೆಯ ಅಂಕವು ಉತ್ತರವನ್ನು ಕೊಡುತ್ತದೆ. ವಸಂತಸೇನೆಯನ್ನು ಯಾರೋ ಕೊಂದರೆಂದು ದೂರು ತಂದ ರಾಜಶ್ಯಾಲ ಶಕಾರನು ಮಾತಿನ ಭರದಲ್ಲಿ, ಕೊಂದವನು ತಾನಲ್ಲವೆಂದು ಯಾರೂ ಕೇಳದೆಯೇ ಹೇಳಿ ಬಾಯಿ ಮುಚ್ಚಿಕೊಳ್ಳುವನು. ಅಧಿಕರಣಿಕನು ಆ ಮಾತನ್ನೇ ವ್ಯವಹಾರದ ಮೊದಲನೆಯ ಪದವಾಗಿ ಬರೆಯುವಂತೆ ಆಜ್ಞಾಪಿಸುವನು, ಕಾಯಸ್ಥನು ಬರೆಯುವನು. ಶಕಾರನಾದರೋ ತನ್ನ ಪ್ರಮಾದವನ್ನು ಅರಿತು ಆ ಬರೆಹವನ್ನು ಕಾಲಿನಿಂದ ಒರಸಿಬಿಡುವನು. ಒರಸಿದುದು ಕಾಲಿನಿಂದ ಎಂದಾಗ ಬರೆದುದು ನೆಲದ ಮೇಲೆ ಎಂಬುದು ಸಿದ್ಧವಾಯಿತು. ಸ್ಮೃತಿಗಳ ವಿಧಿಯು ಕೇವಲ ಪುಸ್ತಕದ ಮಾತಾಗಿರಲಿಲ್ಲವೆಂಬುದಕ್ಕೆ ಇದು ಒಳ್ಳೆಯ ಸಾಕ್ಷ್ಯ. ಒರಸಿದ ಪದವನ್ನು ಮತ್ತೆ ಬರೆಯಿಸಿದಂತೆ ನಾಟಕದಲ್ಲಿ ಕಾಣುವುದಿಲ್ಲ. ಅಧಿಕರಣಿಕನು ಸಜ್ಜನನೇ. ಆದರೂ ಚಾರುದತ್ತನು ಕೊರಳಿಗೆ ಕಣಗಿಲೆಯ ಮಾಲೆಯನ್ನು ಧರಿಸಿ ವಧ್ಯಸ್ಥಾನಕ್ಕೆ ನಡೆಯಬೇಕಾಯಿತು.

ತಿದ್ದುವುದಕ್ಕೆಂದು ಇಟ್ಟ ಅನುಕೂಲವು ಒರಸುವವನಿಗೂ ಅನುಕೂಲವಾಯಿತು. ಶೋಧನಕ್ಕೂ ಮಾರ್ಜನಕ್ಕೂ ಇರುವ ಭೇದವು ಹಲಗೆಯ ಮೇಲೆ ಕಾಣುವುದಿಲ್ಲ. ಎರಡರಲ್ಲಿಯೂ ಹಳೆಯ ಅಕ್ಷರವು ಹೋಗುತ್ತದೆ. ಭೇದವಿರುವುದು ತಿದ್ದಿದವನ ಅಧಿಕಾರದಲ್ಲಿ, ಎದುರಾಳಿಯ ಸಾನ್ನಿಧ್ಯದಲ್ಲಿ, ಕಾಲದ ಎಲ್ಲೆಯಲ್ಲಿ. ಈ ಮೂರನ್ನೂ ಸ್ಮೃತಿಕಾರರು ನಿಯಮಿಸಿರುವುದು ಈ ಕಾರಣದಿಂದಲೇ ಎಂದು ಊಹಿಸಬಹುದು.

6. ಶಾಸನಗಳ ಸಾಕ್ಷ್ಯ

ಗ್ರಂಥಗಳಲ್ಲಿ ಹೇಳಿದ ಪರೀಕ್ಷೆಯು ಆಚರಣೆಯಲ್ಲಿಯೂ ಇದ್ದಿತೆಂಬುದನ್ನು ಶಾಸನಗಳು ತೋರಿಸುತ್ತವೆ. ಈಗ ಬಾಂಗ್ಲಾದೇಶಕ್ಕೆ ಸೇರಿರುವ ದಾಮೋದರಪುರದ ತಾಮ್ರಪಟಗಳಲ್ಲಿ ಮೊದಲನೆಯದು ಗುಪ್ತವರ್ಷ 124ರದು, ಎಂದರೆ ಕ್ರಿ. ಶ. 443–44ರದು. ಅಗ್ನಿಹೋತ್ರಕ್ಕಾಗಿ ಬ್ರಾಹ್ಮಣನೊಬ್ಬನು ಒಂದು ಕುಲ್ಯವಾಪದ ಖಿಲಭೂಮಿಯನ್ನು ಬೇಡಿದಾಗ ಕೋಟಿವರ್ಷದ ಅಧಿಕರಣವು ಕೂಡಲೇ ಕೊಡಲಿಲ್ಲ. ಪುಸ್ತಪಾಲರು ತಮ್ಮ ಕಡತಗಳನ್ನು ನೋಡಿ, ಕುಲ್ಯವಾಪಕ್ಕೆ ಮೂರು ದೀನಾರಗಳಂತೆ ಕೊಡುವುದು ರೂಢಿಯೆಂದು ಅವಧಾರಣೆಮಾಡಿದ ಮೇಲೆ ಭೂಮಿಯು ಕೊಡಲ್ಪಟ್ಟಿತು. ನಗರಶ್ರೇಷ್ಠಿ, ಸಾರ್ಥವಾಹ ಮೊದಲಾದ ಪ್ರಬಲರು ಅಧಿಕರಣದಲ್ಲಿದ್ದರೂ ಪುಸ್ತಪಾಲರ ಮಾತಿಲ್ಲದೆ ಕಾರ್ಯವು ನಡೆಯಲಿಲ್ಲವೆಂಬುದು ಗಮನಾರ್ಹ.

ಪರೀಕ್ಷೆಯು ತಪ್ಪಿದರೆ ಆಗುವುದೇನೆಂಬುದು ಹರ್ಷವರ್ಧನನ ಮಧುಬನದ ತಾಮ್ರಪಟದಿಂದ ವಿದಿತವಾಗುತ್ತದೆ. ಹರ್ಷಶಕ 25ರಲ್ಲಿ, ಎಂದರೆ ಕ್ರಿ. ಶ. 631ರ ಸುಮಾರಿನಲ್ಲಿ, ಶ್ರಾವಸ್ತೀಭುಕ್ತಿಯ ಸೋಮಕುಂಡಕಾ ಗ್ರಾಮವನ್ನು ವಾಮರಥ್ಯನೆಂಬವನು ಕೂಟಶಾಸನದ ಬಲದಿಂದ ಅನುಭವಿಸುತ್ತಿದ್ದನು. ರಾಜನು ಆ ಶಾಸನವನ್ನು ಒಡೆಯಿಸಿ ಗ್ರಾಮವನ್ನು ಬೇರೆ ಇಬ್ಬರಿಗೆ ಕೊಟ್ಟನು. ಮನುವು ಕೂಟಶಾಸನವನ್ನು ಮಾಡಿದವರಿಗೆ ವಧದಂಡವನ್ನು ವಿಧಿಸಿರುವನು. ಸಂದೇಹಗೊಂಡ ಲೇಖ್ಯವನ್ನು ಸ್ವಹಸ್ತದ ಹೋಲಿಕೆ, ಯುಕ್ತಿ, ಪ್ರಾಪ್ತಿ, ಚಿಹ್ನ, ಸಂಬಂಧ, ಆಗಮ ಮುಂತಾದವುಗಳಿಂದ ಶುದ್ಧಿಗೊಳಿಸಬೇಕೆಂಬುದು ಯಾಜ್ಞವಲ್ಕ್ಯನ ವಿಧಿ. ಆದರೆ ತಾಮ್ರವನ್ನು ಒಡೆಯುವ ಶ್ರಮಕ್ಕಿಂತ ಸುಣ್ಣವನ್ನು ಒರಸುವ ಶ್ರಮವು ಅಲ್ಪವೆಂಬುದನ್ನು ಎಲ್ಲರೂ ಒಪ್ಪುವರು.

7. ಉಪಸಂಹಾರ

ಇಂದಿನ ನ್ಯಾಯವಿಧಿಗಳಲ್ಲಿಯೂ ಇದೇ ವಿವೇಕವು ಬೇರೆ ಮಾರ್ಗದಿಂದ ಬಂದು ಸೇರಿದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯು ಸ್ಥಿರಾಸ್ತಿಯ ದಾವೆಯಲ್ಲಿ ಆಸ್ತಿಯನ್ನು ಗುರುತಿಸಲು ಸಾಕಾಗುವ ವಿವರವನ್ನು ಕೇಳುತ್ತದೆ. ವಿಚಾರಣೆಯು ಮೊದಲಾದ ಮೇಲೆ ಸಾಮಾನ್ಯವಾಗಿ ವಾದಪತ್ರವನ್ನು ತಿದ್ದಗೊಡದ ಕಟ್ಟಳೆಯು 2002ರಲ್ಲಿ ಅದಕ್ಕೆ ಸೇರಿತು. 1973ರ ದಂಡಪ್ರಕ್ರಿಯಾ ಸಂಹಿತೆಯಂತೆ, ಓದಿಹೇಳಿದ ಸಾಕ್ಷ್ಯವು ಸರಿಯಲ್ಲವೆಂದು ಸಾಕ್ಷಿಯು ಆಕ್ಷೇಪಿಸಿದರೆ, ನ್ಯಾಯಾಧೀಶನು ಬರೆಹವನ್ನು ತಿದ್ದದೆ ಆಕ್ಷೇಪವನ್ನೇ ಟಿಪ್ಪಣಿಯಾಗಿ ಬರೆದಿಡಬಹುದು. 2024ನೆಯ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಈ ಕ್ರಮವನ್ನು ಉಳಿಸಿಕೊಂಡಿದೆ. ಹಳೆಯ ಅಕ್ಷರವೂ ನಿಲ್ಲುವುದು, ತಿದ್ದುಪಡಿಯ ಕಾರಣವೂ ನಿಲ್ಲುವುದು. ಶಕಾರನ ಕಾಲಿಗೆ ಎಡೆಯಿರದು.

ರಾಷ್ಟ್ರೀಯ ನ್ಯಾಯಾಂಗ ದತ್ತಾಂಶ ಜಾಲದಲ್ಲಿ ಜಿಲ್ಲಾ ನ್ಯಾಯಾಲಯಗಳ ಮೊಕದ್ದಮೆಗಳ ವಿವರಗಳು 2015ರಿಂದಲೂ, ಸರ್ವೋಚ್ಚ ನ್ಯಾಯಾಲಯದವು 2023ರಿಂದಲೂ ಸಾರ್ವಜನಿಕರಿಗೆ ಕಾಣುತ್ತಿವೆ. ಪ್ರತಿಯೊಂದು ಮೊಕದ್ದಮೆಗೂ 16 ಅಕ್ಷರಾಂಕಗಳ ಗುರುತು ಇರುತ್ತದೆ. ಅಲ್ಲಿ ಕಾಣುವ ಮೊತ್ತಗಳೆಲ್ಲವೂ ಯಾವುದೋ ಊರಿನ ನ್ಯಾಯಾಲಯದಲ್ಲಿ ಒಬ್ಬ ಗುಮಾಸ್ತನು ನಮೂದಿಸಿದ ತಾರೀಖುಗಳಿಂದಲೂ ಹೆಸರುಗಳಿಂದಲೂ ಹುಟ್ಟಿದವು. ದಾವೆಯು ದಾಖಲಾಗುವುದಕ್ಕೆ ಮೊದಲೇ ತೀರ್ಪಿನ ತಾರೀಖು ಬಿದ್ದಿದ್ದರೆ ಅದು ಮೂಗನ ಬೈಗುಳದಂತೆ ವಿರುದ್ಧ. ಕಕ್ಷಿದಾರನ ತಂದೆಯ ಹೆಸರು ಬಿಟ್ಟುಹೋಗಿದ್ದರೆ ಊನ. ಇವುಗಳನ್ನು ಮೂಲದೊಡನೆ ಒಪ್ಪಿಟ್ಟು ನೋಡುವ ನೌಕರನ ಹೆಸರು ತೀರ್ಪಿನಲ್ಲಿ ಬರುವುದಿಲ್ಲ. ಆದರೂ ನಿವೇಶಗೊಂಡುದನ್ನು ಅವೇಕ್ಷಿಸಬೇಕೆಂದು ಕೌಟಿಲ್ಯನು ವಿಧಿಸಿದ ಕಾರ್ಯವು ಅವನ ಮೇಜಿನ ಮೇಲಿದೆ. ಹೇಳಿದುದನ್ನು ಹೇಳಿದಂತೆಯೇ ಬರೆ, ಬರೆದುದನ್ನು ಬೇರೊಬ್ಬನು ನೋಡಲಿ, ತಿದ್ದುವುದಾದರೆ ಎದುರಾಳಿಯ ಮುಂದೆ ತಿದ್ದು, ಅವಧಿಯು ಕಳೆದ ಮೇಲೆ ಮೊದಲಿನಿಂದ ಆರಂಭಿಸು ಎಂಬ ನಾಲ್ಕು ಮಾತುಗಳಲ್ಲಿ ಶಾಸ್ತ್ರದ ಸಾರವು ಅಡಗಿದೆ. ಕಲ್ಯಾಣದ ಪಂಡಿತನು ಸುಣ್ಣದ ಹಲಗೆಯನ್ನು ಎದುರಿಗಿಟ್ಟುಕೊಂಡು ನಿರ್ಣಯಿಸಿದ ಈ ಕ್ರಮವು ಹಲಗೆಯು ಮಾರ್ಪಟ್ಟರೂ ಪ್ರಮಾಣವಾಗಿಯೇ ಉಳಿದಿದೆ.