ಅವಿಭಾಜ್ಯ ಸಂಖ್ಯೆಗಳ ಕುರಿತ ಒಲಿಂಪಿಯಾಡ್ ಸಮಸ್ಯೆಗಳು

ಅವಿಭಾಜ್ಯ ಸಂಖ್ಯೆಗಳ ಕುರಿತ ಒಲಿಂಪಿಯಾಡ್ ಸಮಸ್ಯೆಗಳು ಗಣಿತ ಸ್ಪರ್ಧೆಗಳ ಸಂಖ್ಯಾ ಸಿದ್ಧಾಂತ ವಿಭಾಗದಲ್ಲಿ ಕೇಳಲಾಗುವ ಪ್ರಮುಖ ಬಗೆಯ ಪ್ರಶ್ನೆಗಳಾಗಿವೆ. 1 ಮತ್ತು ತನ್ನನ್ನು ಬಿಟ್ಟು ಬೇರೆ ಧನ ಭಾಜಕಗಳಿಲ್ಲದ, 1ಕ್ಕಿಂತ ದೊಡ್ಡದಾದ ಪೂರ್ಣಾಂಕವೇ ಅವಿಭಾಜ್ಯ ಸಂಖ್ಯೆ. ಈ ಸಮಸ್ಯೆಗಳ ಹೇಳಿಕೆಯನ್ನು ಪ್ರೌಢಶಾಲಾ ವಿದ್ಯಾರ್ಥಿಯೂ ಅರ್ಥಮಾಡಿಕೊಳ್ಳಬಹುದು. ಆದರೆ ಕೆಲವು ಉದಾಹರಣೆಗಳನ್ನು ಪರೀಕ್ಷಿಸಿ ಉತ್ತರ ಬರೆದರೆ ಸಾಲದು. ಎಲ್ಲ ಸಂಖ್ಯೆಗಳಿಗೂ ಅನ್ವಯಿಸುವ ಸಾಧನೆಯನ್ನು ನೀಡಬೇಕಾಗುತ್ತದೆ.

ಹಿನ್ನೆಲೆ

ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್ 1959ರಲ್ಲಿ ರೊಮೇನಿಯಾದಲ್ಲಿ ಆರಂಭವಾಯಿತು. ಭಾರತವು 1989ರಿಂದ ಇದರಲ್ಲಿ ಭಾಗವಹಿಸುತ್ತಿದ್ದು, 1996ರ ಸ್ಪರ್ಧೆ ಮುಂಬಯಿಯಲ್ಲಿ ನಡೆಯಿತು. ಸ್ಪರ್ಧಿಗಳು ಎರಡು ದಿನಗಳಲ್ಲಿ, ದಿನಕ್ಕೆ ನಾಲ್ಕೂವರೆ ಗಂಟೆಯಂತೆ, ಒಟ್ಟು 6 ಸಮಸ್ಯೆಗಳನ್ನು ಬಿಡಿಸುತ್ತಾರೆ. ಪ್ರತಿ ಸಮಸ್ಯೆಗೆ 7 ಅಂಕಗಳಿವೆ. ಬೀಜಗಣಿತ, ರೇಖಾಗಣಿತ ಮತ್ತು ಸಂಯೋಜನೆಗಳ ಗಣಿತದೊಂದಿಗೆ ಸಂಖ್ಯಾ ಸಿದ್ಧಾಂತವೂ ಇದರ ನಾಲ್ಕು ಮುಖ್ಯ ವಿಭಾಗಗಳಲ್ಲಿ ಒಂದು.

ಆಧಾರ ತತ್ತ್ವಗಳು

ಇಂತಹ ಸಮಸ್ಯೆಗಳಲ್ಲಿ ಎರಡು ತತ್ತ್ವಗಳು ಮತ್ತೆ ಮತ್ತೆ ಬಳಕೆಯಾಗುತ್ತವೆ. ಮೊದಲನೆಯದು ಅಂಕಗಣಿತದ ಮೂಲಭೂತ ಪ್ರಮೇಯ: 1ಕ್ಕಿಂತ ದೊಡ್ಡದಾದ ಪ್ರತಿಯೊಂದು ಪೂರ್ಣಾಂಕವನ್ನು, ಕ್ರಮವನ್ನು ಲೆಕ್ಕಿಸದಿದ್ದರೆ, ಒಂದೇ ರೀತಿಯಲ್ಲಿ ಅವಿಭಾಜ್ಯಗಳ ಗುಣಲಬ್ಧವಾಗಿ ಬರೆಯಬಹುದು. ಎರಡನೆಯದು ಯೂಕ್ಲಿಡನದು: ಒಂದು ಅವಿಭಾಜ್ಯ ಸಂಖ್ಯೆಯು ಎರಡು ಪೂರ್ಣಾಂಕಗಳ ಗುಣಲಬ್ಧವನ್ನು ಭಾಗಿಸಿದರೆ, ಅವುಗಳಲ್ಲಿ ಕನಿಷ್ಠ ಒಂದನ್ನು ಭಾಗಿಸುತ್ತದೆ.

ಪ್ರಮುಖ ವಿಧಾನಗಳು

ಕೆಳಗಿನ ಉದಾಹರಣೆಗಳಲ್ಲಿ ^ ಚಿಹ್ನೆಯು ಘಾತವನ್ನು ಸೂಚಿಸುತ್ತದೆ.

1. ಅಪವರ್ತಿಸುವುದು. ಯಾವ ಧನ ಪೂರ್ಣಾಂಕ ‘ನ’ಗೆ ನ^4 + 4 ಅವಿಭಾಜ್ಯವಾಗುತ್ತದೆ? 4ನ² ಅನ್ನು ಕೂಡಿಸಿ ಕಳೆದರೆ ಇದು (ನ² + 2)² − (2ನ)² ಆಗುತ್ತದೆ. ಆದ್ದರಿಂದ ಇದು (ನ² + 2ನ + 2)(ನ² − 2ನ + 2)ಕ್ಕೆ ಸಮ. ಎರಡನೆಯ ಅಪವರ್ತನವು (ನ − 1)² + 1. ನ ≥ 2 ಆದಾಗ ಎರಡೂ ಅಪವರ್ತನಗಳು 1ಕ್ಕಿಂತ ದೊಡ್ಡವಾಗಿ ಸಂಖ್ಯೆಯು ಸಂಯುಕ್ತವಾಗುತ್ತದೆ. ನ = 1 ಆದಾಗ ಮಾತ್ರ 5 ಎಂಬ ಅವಿಭಾಜ್ಯ ದೊರೆಯುತ್ತದೆ. ಈ ಅಪವರ್ತನದ ಸಾಮಾನ್ಯ ರೂಪಕ್ಕೆ ಫ್ರೆಂಚ್ ಗಣಿತಜ್ಞೆ ಸೋಫಿ ಜರ್ಮೇನ್ ಅವರ ಹೆಸರಿದೆ.

2. ಶೇಷಗಳ ಪರಿಶೀಲನೆ. ಪ, ಪ + 2, ಪ + 4 ಮೂರೂ ಅವಿಭಾಜ್ಯಗಳಾಗಿರಲಿ. ‘ಪ’ವನ್ನು 3ರಿಂದ ಭಾಗಿಸಿದಾಗ ಶೇಷ 1 ಬಂದರೆ ಪ + 2, ಶೇಷ 2 ಬಂದರೆ ಪ + 4 ಸಂಖ್ಯೆಯು 3ರ ಅಪವರ್ತ್ಯವಾಗುತ್ತದೆ. ಅವೆರಡೂ 3ಕ್ಕಿಂತ ದೊಡ್ಡವಾದ್ದರಿಂದ ಅವಿಭಾಜ್ಯಗಳಾಗಲಾರವು. ಹಾಗಾಗಿ ಶೇಷ 0 ಆಗಿ ಪ = 3 ಆಗಲೇಬೇಕು; 3, 5, 7 ಒಂದೇ ಉತ್ತರ.

3. ಫರ್ಮಾನ ಕಿರಿಯ ಪ್ರಮೇಯ. ‘ಪ’ ಅವಿಭಾಜ್ಯವಾಗಿದ್ದು ‘ಅ’ ಅದರ ಅಪವರ್ತ್ಯವಲ್ಲದಿದ್ದರೆ, ಅ^(ಪ − 1) ಸಂಖ್ಯೆಯನ್ನು ‘ಪ’ದಿಂದ ಭಾಗಿಸಿದಾಗ ಶೇಷ 1 ಬರುತ್ತದೆ. ಇದನ್ನು ಫರ್ಮಾ 1640ರಲ್ಲಿ ಸಾಧನೆಯಿಲ್ಲದೆ ತಿಳಿಸಿದ್ದನು. ಆಯ್ಲರ್ 1736ರಲ್ಲಿ ಸಾಧನೆಯನ್ನು ನೀಡಿದನು. 2005ರಲ್ಲಿ ಮೆಕ್ಸಿಕೋದಲ್ಲಿ ನಡೆದ ಒಲಿಂಪಿಯಾಡ್‌ನ 4ನೇ ಸಮಸ್ಯೆಯು, 2^ನ + 3^ನ + 6^ನ − 1 ಶ್ರೇಢಿಯ (ನ = 1, 2, 3, ...) ಎಲ್ಲ ಪದಗಳೊಂದಿಗೂ ಸಹ ಅವಿಭಾಜ್ಯವಾಗಿರುವ ಧನ ಪೂರ್ಣಾಂಕಗಳನ್ನು ಕೇಳಿತ್ತು. ಪ > 3 ಆದಾಗ ನ = ಪ − 2 ಎಂದು ತೆಗೆದುಕೊಂಡು ಪದವನ್ನು 6ರಿಂದ ಗುಣಿಸಿದರೆ 3·2^(ಪ − 1) + 2·3^(ಪ − 1) + 6^(ಪ − 1) − 6 ದೊರೆಯುತ್ತದೆ. ‘ಪ’ದಿಂದ ಭಾಗಿಸಿದಾಗ ಇದರ ಶೇಷವು 3 + 2 + 1 − 6 = 0. ‘ಪ’ವು 6ನ್ನು ಭಾಗಿಸುವುದಿಲ್ಲವಾದ್ದರಿಂದ ಮೂಲ ಪದವನ್ನೇ ಭಾಗಿಸುತ್ತದೆ. ಉಳಿದ 2 ಮತ್ತು 3 ಎರಡನೆಯ ಪದವಾದ 48ನ್ನು ಭಾಗಿಸುತ್ತವೆ. ಹೀಗೆ ಪ್ರತಿಯೊಂದು ಅವಿಭಾಜ್ಯವೂ ಯಾವುದಾದರೊಂದು ಪದವನ್ನು ಭಾಗಿಸುವುದರಿಂದ ಉತ್ತರ 1 ಮಾತ್ರ.

ಉದಾಹರಣೆಗಳಿಂದ ನಿರ್ಣಯಿಸುವ ಅಪಾಯ

ಕೆಲವು ಬೆಲೆಗಳಿಗೆ ನಿಜವಾದದ್ದು ಎಲ್ಲ ಬೆಲೆಗಳಿಗೂ ನಿಜವಾಗಬೇಕಿಲ್ಲ. 2^(2^ನ) + 1 ರೂಪದ ಸಂಖ್ಯೆಗಳೆಲ್ಲವೂ ಅವಿಭಾಜ್ಯಗಳೆಂದು ಫರ್ಮಾ ಭಾವಿಸಿದ್ದನು. ಮೊದಲ ಐದು ಸಂಖ್ಯೆಗಳಾದ 3, 5, 17, 257 ಮತ್ತು 65537 ಅವಿಭಾಜ್ಯಗಳೇ ಆಗಿವೆ. ಆದರೆ ಮುಂದಿನ ಸಂಖ್ಯೆಯಾದ 2^32 + 1 = 4294967297 ಎಂಬುದು 641 × 6700417 ಎಂದು ಆಯ್ಲರ್ 1732ರಲ್ಲಿ ತೋರಿಸಿದನು. ದೀರ್ಘ ಭಾಗಾಕಾರವಿಲ್ಲದೆಯೂ ಇದನ್ನು ಪರಿಶೀಲಿಸಬಹುದು. 641 = 5·2^7 + 1 ಆದ್ದರಿಂದ 5·2^7ರ ಶೇಷ −1; ಅದರ ನಾಲ್ಕನೆಯ ಘಾತವಾದ 5^4·2^28ರ ಶೇಷ 1. ಅಲ್ಲದೆ 641 = 5^4 + 2^4 ಆದ್ದರಿಂದ 5^4ರ ಬದಲಿಗೆ −2^4 ಬರೆಯಬಹುದು. ಆಗ −2^32ರ ಶೇಷ 1 ಎಂದಾಗಿ, 2^32 + 1 ಸಂಖ್ಯೆಯು 641ರ ಅಪವರ್ತ್ಯವೆಂದು ಸಿದ್ಧವಾಗುತ್ತದೆ.

ಫರ್ಮಾನ ಪ್ರಮೇಯದ ವಿಲೋಮವೂ ನಿಜವಲ್ಲ. 2^340 ಅನ್ನು 341ರಿಂದ ಭಾಗಿಸಿದಾಗ ಶೇಷ 1 ಬರುತ್ತದೆ; ಆದರೂ 341 = 11 × 31.

ಪರಿಮಿತ ಪರೀಕ್ಷೆ ಸಾಕಾಗುವ ಸಂದರ್ಭ

ಆಯ್ಲರ್ ಗುರುತಿಸಿದ ಬಹುಪದೋಕ್ತಿಗೆ ಸಮಾನವಾದ ಕ² + ಕ + 41 ಎಂಬುದು ಕ = 0ರಿಂದ 39ರವರೆಗೆ ಅವಿಭಾಜ್ಯಗಳನ್ನೇ ನೀಡುತ್ತದೆ. ಕ = 40 ಆದಾಗ 41² ಬರುತ್ತದೆ. ಈ ನಡವಳಿಕೆಗೆ ಕಾರಣವನ್ನು 1987ರ ಹವಾನಾ ಒಲಿಂಪಿಯಾಡ್‌ನ 6ನೇ ಸಮಸ್ಯೆಯು ಒದಗಿಸುತ್ತದೆ: ನ ≥ 2 ಆಗಿದ್ದು, 0ರಿಂದ √(ನ/3)ರವರೆಗಿನ ಎಲ್ಲ ಪೂರ್ಣಾಂಕ ‘ಕ’ಗಳಿಗೆ ಕ² + ಕ + ನ ಅವಿಭಾಜ್ಯವಾದರೆ, 0ರಿಂದ ನ − 2ರವರೆಗಿನ ಎಲ್ಲ ‘ಕ’ಗಳಿಗೂ ಅದು ಅವಿಭಾಜ್ಯ.

ಸಾಧನೆಯು ಹೀಗಿದೆ. ಹೇಳಿಕೆ ತಪ್ಪೆಂದುಕೊಂಡು, ಸಂಯುಕ್ತ ಸಂಖ್ಯೆ ನೀಡುವ ಅತಿ ಚಿಕ್ಕ ಬೆಲೆ ‘ಕ’ ಎಂದೂ, ಆ ಸಂಖ್ಯೆಯ ಅತಿ ಚಿಕ್ಕ ಅವಿಭಾಜ್ಯ ಭಾಜಕ ‘ಪ’ ಎಂದೂ ಇರಲಿ. ‘ಜ’ ಎಂಬುದು ‘ಕ’ಗಿಂತ ಚಿಕ್ಕದಾದ, ಋಣವಲ್ಲದ ಪೂರ್ಣಾಂಕವಾದರೆ, ‘ಕ’ ಮತ್ತು ‘ಜ’ಗಳಲ್ಲಿನ ಬೆಲೆಗಳ ವ್ಯತ್ಯಾಸ (ಕ − ಜ)(ಕ + ಜ + 1). ಪ ≤ 2ಕ ಆಗಿದ್ದರೆ, ಯಾವುದೋ ಒಂದು ‘ಜ’ಗೆ ಈ ಅಪವರ್ತನಗಳಲ್ಲಿ ಒಂದು ‘ಪ’ಗೆ ಸಮವಾಗುತ್ತದೆ. ಆಗ ‘ಪ’ವು ಜ² + ಜ + ನ ಎಂಬ ಅವಿಭಾಜ್ಯವನ್ನು ಭಾಗಿಸಿ ಅದಕ್ಕೆ ಸಮವಾಗಬೇಕು. ಆದರೆ ಕ ≤ ನ − 2 ಆದ್ದರಿಂದ ಆ ಅವಿಭಾಜ್ಯವು ಎರಡೂ ಅಪವರ್ತನಗಳಿಗಿಂತ ದೊಡ್ಡದು, ಇದು ಅಸಾಧ್ಯ. ಹಾಗಾಗಿ ಪ ≥ 2ಕ + 1. ಸಂಯುಕ್ತ ಸಂಖ್ಯೆಯು ತನ್ನ ಅತಿ ಚಿಕ್ಕ ಅವಿಭಾಜ್ಯ ಭಾಜಕದ ವರ್ಗಕ್ಕಿಂತ ಕಡಿಮೆಯಿರಲಾರದು. ಆದ್ದರಿಂದ ಕ² + ಕ + ನ ≥ (2ಕ + 1)², ಅಂದರೆ ನ ≥ 3ಕ² + 3ಕ + 1. ಇದರಿಂದ ಕ < √(ನ/3) ಎಂದಾಗಿ ದತ್ತಾಂಶಕ್ಕೆ ವಿರುದ್ಧವಾಗುತ್ತದೆ.

ನ = 41 ಆದಾಗ √(41/3) ಸುಮಾರು 3.7. ಆದ್ದರಿಂದ 41, 43, 47 ಮತ್ತು 53 ಈ ನಾಲ್ಕು ಸಂಖ್ಯೆಗಳನ್ನು ಪರೀಕ್ಷಿಸಿದರೆ ನಲವತ್ತು ಬೆಲೆಗಳೂ ಅವಿಭಾಜ್ಯಗಳೆಂದು ಸಿದ್ಧವಾಗುತ್ತದೆ.

ಸಾಮಾನ್ಯ ದೋಷಗಳು

ಏಕೈಕ ಸಮ ಅವಿಭಾಜ್ಯವಾದ 2ನ್ನು ಮತ್ತು 3ನ್ನು ಪ್ರತ್ಯೇಕವಾಗಿ ಪರಿಶೀಲಿಸದಿರುವುದು, 1ನ್ನು ಅವಿಭಾಜ್ಯವೆಂದು ಎಣಿಸುವುದು, ‘ಅ’ ಸಂಖ್ಯೆಯು ‘ಪ’ದ ಅಪವರ್ತ್ಯವಾಗಿರುವಾಗಲೂ ಫರ್ಮಾನ ಪ್ರಮೇಯವನ್ನು ಅನ್ವಯಿಸುವುದು ಮತ್ತು ದೊರೆತ ಉತ್ತರವು ಮೂಲ ಷರತ್ತುಗಳನ್ನು ಪೂರೈಸುತ್ತದೆಯೇ ಎಂದು ತಾಳೆ ನೋಡದಿರುವುದು ಇಂತಹ ಸಾಧನೆಗಳನ್ನು ಅಪೂರ್ಣಗೊಳಿಸುತ್ತವೆ.